ಎಲ್ಲರಿಗೂ ಸಿಗಲೆಂದು ಕಾದವಳ ಕಳ್ಳತನ

ಮಾನ್ಯ ಧರ್ಮಾಧ್ಯಕ್ಷರೇ,

ನನ್ನ ತಾಯಿ ಕಳ್ಳಿಯಲ್ಲ. ಇಷ್ಟನ್ನು ನಿಮ್ಮಿಂದ ಹೇಳಿಸಲು ನಾಲ್ಕು ತಿಂಗಳಲ್ಲಿ ಮೂರು ಕಾಗದ ಬರೆದೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಪರಿಶೀಲಿಸಲು ಏನಿದೆಯೆಂದು ತಿಳಿಯದೆ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಅಪ್ಪ ಕ್ಯಾಥೊಲಿಕ್. ಅಮ್ಮನ ಹೆಸರು ಎನೆಲೆಸಿ, ಅವಳು ಪ್ರೆಸ್ಬಿಟೇರಿಯನ್ ಪ್ರೊಟೆಸ್ಟಂಟ್ ಸಭೆಯವಳು. ಮುಲಾಂಜೆ ಬೆಟ್ಟದ ಕೆಳಗಿನ ನಮ್ಮ ಮನೆಯಲ್ಲಿ ನಲವತ್ತೊಂಬತ್ತು ವರ್ಷ ಒಂದೇ ತಟ್ಟೆಯ ನ್ಸಿಮಾ ಮುದ್ದೆ ಮುರಿದು ತಿಂದರು. ಭಾನುವಾರ ಮಾತ್ರ ಬೇರೆ ದಾರಿ ಹಿಡಿದರು. ಅಪ್ಪನ ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಅಮ್ಮ ಎದ್ದು ಪರಮಪ್ರಸಾದದ ಸಾಲಿಗೆ ಹೋದಳು. ಕ್ಯಾಥೊಲಿಕರಲ್ಲದವರು ಅದನ್ನು ಪಡೆಯುವಂತಿಲ್ಲ; ತಪ್ಪು, ಒಪ್ಪುತ್ತೇನೆ. ಪಕ್ಕದಲ್ಲಿದ್ದ ನಾನು ತಡೆಯಬಹುದಿತ್ತು, ತಡೆಯಲಿಲ್ಲ. ಹೊಸ ಪಾದ್ರಿಗೆ ಅವಳ ಗುರುತಿರಲಿಲ್ಲ, ಅಂಗೈಯಲ್ಲಿ ಪ್ರಸಾದದ ರೊಟ್ಟಿಬಿಲ್ಲೆಯಿಟ್ಟರು. ಅವಳು ತಿನ್ನಲಿಲ್ಲ. ಅವಳ ಸಭೆಯಲ್ಲಿ ರೊಟ್ಟಿ ಸಿಕ್ಕೊಡನೆ ಬಾಯಿಗಿಡುವವರು ಹೊಟ್ಟೆಬಾಕರು. ಕೊನೆಯವರಿಗೂ ತಲುಪುವವರೆಗೆ ಹಿಡಿದುಕೊಂಡಿದ್ದು ಎಲ್ಲರೂ ಒಟ್ಟಿಗೆ ತಿನ್ನಬೇಕು. ಹಾಗೆಯೇ ಮುಷ್ಟಿ ಮುಚ್ಚಿಕೊಂಡು ಬಂದು ಕೂತಳು.

ನಮ್ಮಲ್ಲಿ ಪ್ರಸಾದವನ್ನು ಅಲ್ಲೇ ತಿನ್ನಬೇಕು, ತಿನ್ನದೆ ಒಯ್ದರೆ ಮಾಟಕ್ಕೆಂದೇ ಸಂಶಯ; ನಿಮ್ಮ ಗುಡಿಯ ಉಪದೇಶಿ ಓಡಿ ಬಂದರು. “ತೆಗಿ ಕೈ! ಯಾವ ಮಾಟಗಾರನಿಗೆ ಕೊಡೋಕೆ ಒಯ್ತಿದೀಯ?”

“ಕಾಯ್ತಿದೀನಪ್ಪಾ,” ಅಂದಳು ಅಮ್ಮ. “ಹಿಂದಿನ ಸಾಲಿನವ್ರಿಗೆ ಇನ್ನೂ ಸಿಕ್ಕಿಲ್ವಲ್ಲ. ಅವ್ರನ್ನ ಬಿಟ್ಟು ಹ್ಯಾಗೆ ತಿನ್ಲಿ?”

ಗಂಡನ ಶವಪೆಟ್ಟಿಗೆಯ ಎದುರಿಗೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮುಂದಿನ ಭಾನುವಾರ, ‘ಪ್ರಭುವಿನ ಶರೀರ ಕದ್ದ ವಿಧವೆ’ ಗಂಡನ ಸಮಾಧಿಗೆ ಕಲ್ಲು ನಿಲ್ಲಿಸುವ ಪೂಜೆಗೂ ಬರಕೂಡದೆಂದು ಅವರೇ ಪೀಠದ ಬಳಿಯಿಂದ ಸಾರಿದರು.

ಅವಳ ಸಭೆಯ ಹಿರಿಯರೇನು ಕಮ್ಮಿಯೇ? “ಅಲ್ಲಮ್ಮಾ, ಇಷ್ಟು ವರ್ಷ ನಮ್ ಜೊತೆ ಕೂತು, ಕೊನೆಗೆ ಬಿಲ್ಲೆಗೆ ಅಡ್ಡಬಿದ್ದು ಬಂದ್ಯಲ್ಲಾ!” ಎಂದು ಆರು ತಿಂಗಳು ಪ್ರಭುಭೋಜನದಿಂದ ಹೊರಗಿಟ್ಟರು. ದೇವರನ್ನು ರೊಟ್ಟಿಯೆಂದುಕೊಂಡದ್ದಕ್ಕೆ ನೀವು ದಂಡಿಸಿದಿರಿ, ರೊಟ್ಟಿಯನ್ನು ದೇವರೆಂದುಕೊಂಡದ್ದಕ್ಕೆ ಅವರು. ಎರಡನ್ನೂ ಒಟ್ಟಿಗೆ ಮಾಡುವಷ್ಟು ಪುರುಸೊತ್ತು ಗಂಡ ಸತ್ತ ದಿನ ಯಾವ ಹೆಂಗಸಿಗಿರುತ್ತದೆ, ಸ್ವಾಮಿ?

ನನ್ನ ತಳಮಳ ಬೇರೆ. ನಾನು ಅಪ್ಪನ ಕಡೆಯವಳು, ಕ್ಯಾಥೊಲಿಕ್. ಇಂಗ್ಲಿಷ್ ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ್ದನ್ನು ಈಗಲೂ ನಂಬುತ್ತೇನೆ: ಆ ರೊಟ್ಟಿ ಬರೀ ಗುರುತಲ್ಲ, ಸಾಕ್ಷಾತ್ ಪ್ರಭುವೇ. ಹಾಗಾಗಿ ಉಪದೇಶಿಯ ಗಾಬರಿ ನನಗೆ ಅರ್ಥವಾಗುತ್ತದೆ. ಅಪರಿಚಿತಳೊಬ್ಬಳು ಹಾಗೆ ಮುಷ್ಟಿ ಮುಚ್ಚಿದ್ದರೆ ನಾನೂ ಓಡುತ್ತಿದ್ದೆನೇ? ಗೊತ್ತಿಲ್ಲ. ಆದರೆ ಪ್ರಭುವೇ ಆ ಮುಷ್ಟಿಯಲ್ಲಿದ್ದರೆ, ಹಿಂದಿನ ಸಾಲಿನವರಿಗಾಗಿ ಕಾಯುತ್ತಿದ್ದ ಆ ಕೈಯಲ್ಲಿ ಅವನಿಗೆ ಯಾವ ಅಪಾಯವಿತ್ತು?

ಒಮ್ಮೆ ಕೇಳಿದೆ, “ಅಮ್ಮಾ, ನಿನಗದು ಏನು?”

“ನೆನಪು ಕಣೇ. ನಿಮ್ಮಪ್ಪ ‘ಅಲ್ಲ, ಅವನೇ’ ಅಂತ ಜಗಳ ಆಡೋನು. ಅವತ್ತೊಂದಿನ ಅವನು ತಿಂದಿದ್ದನ್ನ ತಿನ್ನೋಣ ಅನ್ನಿಸ್ತು.” ಆಮೇಲೆ ಅಂಗೈ ನೋಡಿಕೊಂಡು, “ತಿನ್ಲೇ ಇಲ್ಲ,” ಅಂದಳು. ಈಗ ಎರಡರಲ್ಲಿ ಯಾವ ಗುಡಿಯ ಗಂಟೆ ಹೊಡೆದರೂ ಅಂಗಳದಿಂದೆದ್ದು ಮನೆಯೊಳಗೆ ಹೋಗಿಬಿಡುತ್ತಾಳೆ.

ಸಿದ್ಧಾಂತ ಬದಲಿಸಿ ಎಂದು ಕೇಳುತ್ತಿಲ್ಲ, ಪ್ರಸಾದ ಕೊಡಿ ಎಂದೂ ಅಲ್ಲ. ‘ಕದ್ದಳು’ ಎಂದ ಜಾಗದಲ್ಲೇ ನಿಂತು ಆ ಮಾತನ್ನು ಹಿಂದೆಗೆದುಕೊಳ್ಳಿ. ಆಗಸ್ಟ್‌ನಲ್ಲಿ ಅಪ್ಪನ ಸಮಾಧಿಗೆ ಕಲ್ಲು ನಿಲ್ಲಿಸುವಾಗ ಅವನ ಹೆಂಡತಿ ಮೊದಲ ಸಾಲಿನಲ್ಲಿ ಕೂರಲಿ. ನೀವು ಬಾಯಿ ಬಿಡದಿದ್ದರೂ ಅವಳನ್ನು ಕರೆತರುತ್ತೇನೆ. ಎಲ್ಲರೂ ಪ್ರಸಾದಕ್ಕೆ ಏಳುವಾಗ ನಾನು ಏಳದೆ ಅವಳ ಜೊತೆ ಕೂತಿರುತ್ತೇನೆ. ಅದು ಪ್ರಭುವೇ ಎಂದು ನಂಬುವವಳಿಗೆ ಹಾಗೆ ಕೂರುವುದು ಎಂಥ ಹಸಿವೆಂದು ನಿಮಗೆ ನಾನು ವಿವರಿಸಬೇಕಿಲ್ಲ.

ಇಂತಿ,
ಸದ್ಯಕ್ಕಿನ್ನೂ ನಿಮ್ಮ ಸಭೆಯಲ್ಲೇ ಇರುವ,
ಲೂಸಿಯಾ ನಖುಮ್ವಾ