ಮಗಳು ನನ್ನ ಮನೆಯಲ್ಲಿ ನಿದ್ದೆ ಮಾಡಿದ ಅಪರಾಧಕ್ಕೆ

ತಂದೆ-ಮಕ್ಕಳ ಭೇಟಿ ಕೇಂದ್ರದ ಮಾನ್ಯ ನಿರ್ದೇಶಕರೇ,

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ನನ್ನ ಎಂಟು ವರ್ಷದ ಮಗಳು ಚಿತೊಸೆ ನನ್ನ ಬಾಡಿಗೆ ಮನೆಯಲ್ಲಿ ಕಣ್ತುಂಬ ನಿದ್ದೆ ಮಾಡಿದಳು. ಅದಕ್ಕಾಗಿ ತಾವು ಆ ಮನೆಯ ಬಾಗಿಲನ್ನೇ ಅವಳಿಗೆ ಮುಚ್ಚಿಸಿದ್ದೀರಿ. ಇನ್ನು ಮುಂದೆ ನಾನು ಅವಳನ್ನು ತಮ್ಮ ಕೇಂದ್ರದ ಆಟದ ಕೋಣೆಯಲ್ಲಿ, ಆಚೆ ಕುಳಿತವರಿಗೆ ನಾವು ಕಾಣುವ, ನಮಗೆ ಅವರು ಕಾಣದ ದೊಡ್ಡ ಕನ್ನಡಿಯ ಮುಂದೆ ಭೇಟಿಯಾಗಬೇಕಂತೆ. 'ಭೇಟಿಯ ಬಹುಪಾಲು ಹೊತ್ತು ತಂದೆ-ಮಗಳ ನಡುವೆ ಅರ್ಥಪೂರ್ಣ ಒಡನಾಟ ನಡೆದಿಲ್ಲ' ಎಂದು ಕಾರಣವನ್ನೂ ತಿಳಿಸಿದ್ದೀರಿ. ಕಳ್ಳರಿಗೂ ಇಷ್ಟು ಮರ್ಯಾದೆಯ ಭಾಷೆಯಲ್ಲಿ ಶಿಕ್ಷೆ ಸಿಗುವುದಿಲ್ಲ. ಧನ್ಯವಾದಗಳು.

ನಾನು ಯಾರೆಂದು ತಮಗೆ ಗೊತ್ತು, ಪತ್ರಿಕೆಯ ಓದುಗರಿಗೆ ಗೊತ್ತಿಲ್ಲ. ನಾಗಾಒಕಾ ಊರಿನ ಬಸ್ ಕಂಪನಿಯೊಂದರಲ್ಲಿ ವೇಳಾಪಟ್ಟಿ ತಯಾರಿಸುವುದು ನನ್ನ ಕೆಲಸ. ಆಳೆತ್ತರ ಹಿಮ ಬಿದ್ದರೂ ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕೆಂದು ಹಟ ಹಿಡಿಯುವ ಜಾತಿ ನನ್ನದು. ಇಂಥವನ ಜತೆ ಬಾಳುವುದು ಎಷ್ಟು ಕಷ್ಟ ಎಂದು ಚಿತೊಸೆಯ ಅಮ್ಮನನ್ನು ಕೇಳಿ ನೋಡಿ. ಕೌಟುಂಬಿಕ ನ್ಯಾಯಾಲಯದ ಮಧ್ಯಸ್ಥರು ಕೇಳಿದ್ದರು, ಅವಳು ವಿವರವಾಗಿ ಹೇಳಿದ್ದಳು. ಕೇಳುತ್ತಾ ಕೇಳುತ್ತಾ ನಾನೂ ಅಲ್ಲಲ್ಲಿ ಹೌದೆಂದು ತಲೆಯಾಡಿಸಿದ್ದೆ.

ಕಾನೂನು ಏನೇ ಹೇಳಲಿ, ನಮ್ಮ ಕಡೆಯ ರೂಢಿ ತಮಗೆ ತಿಳಿಯದ್ದಲ್ಲ. ಗಂಡ-ಹೆಂಡಿರು ಬೇರೆಯಾದರೆ ಮಗು ಒಬ್ಬರ ಪಾಲು. ಇನ್ನೊಬ್ಬರು ಸದ್ದಿಲ್ಲದೆ ಸರಿದುಹೋಗುವುದೇ ದೊಡ್ಡತನ. ನನ್ನ ಹೆತ್ತ ತಾಯಿಯೇ ಹೊಸ ವರ್ಷದ ದಿನ ಮೋಚಿ ಎಂಬ ಅಕ್ಕಿ ಕಡುಬು ಸುಡುತ್ತಾ, "ಬಿಟ್ಬಿಡೋ ಮಗಾ, ಕೂಸು ಮರ್ತು ಸುಖವಾಗಿರ್ಲಿ. ಪದೇ ಪದೇ ಹೋಗಿ ಗಾಯ ಕೆರೀಬೇಡ" ಎಂದಳು. ನಾನು ಸರಿದುಹೋಗಲಿಲ್ಲ. ದೊಡ್ಡತನ ನನಗೆ ಯಾವತ್ತೂ ಒಗ್ಗಿಬಂದಿಲ್ಲ.

ಹಾಗಾಗಿ ತಿಂಗಳಿಗೊಂದು ಭಾನುವಾರ ನಾಲ್ಕು ಗಂಟೆಗಳ ಅಪ್ಪನಾದೆ. 'ಸಮಯವನ್ನು ಅರ್ಥಪೂರ್ಣವಾಗಿ ಕಳೆಯಿರಿ' ಎಂದು ತಮ್ಮ ಕೇಂದ್ರ ಮೊದಲ ದಿನವೇ ಬುದ್ಧಿ ಹೇಳಿತು. ವೇಳಾಪಟ್ಟಿಯವನಿಗೆ ಈ ಮಾತು ಹೇಳುವುದೂ ಒಂದೇ, ಕೋತಿಗೆ ಹೆಂಡ ಕುಡಿಸುವುದೂ ಒಂದೇ. ಮಗಳನ್ನು ಸಮುದ್ರ ಜೀವಿಗಳ ಸಂಗ್ರಹಾಲಯಕ್ಕೆ ಕರೆದೊಯ್ದೆ. ಡಾಲ್ಫಿನ್ ಆಟ, ಪೆಂಗ್ವಿನ್‌ಗಳ ಊಟ, ನಮ್ಮ ಊಟ, ಒಂದಕ್ಕೊಂದು ತಗಲದಂತೆ ಹೊಂದಿಸಿದ್ದೆ. ಜೆಲ್ಲಿ ಮೀನುಗಳ ಮುಂದೆ ಅವಳು ನನ್ನ ಕೋಟಿನ ತೋಳು ಹಿಡಿದು, "ಅಪ್ಪಾ, ನಾವು ಕೂತ್ಕೊಳ್ಳೋದು ಯಾವಾಗ?" ಎಂದಳು. ಬಸ್ಸಿಗೂ ನಿಲ್ದಾಣಗಳಿರುತ್ತವೆ. ಮಗಳಿಗೆ ನಿಲ್ದಾಣವನ್ನೇ ಇಡದ ಮಹಾಶಯ ನಾನು. ಮುಂದಿನ ತಿಂಗಳು ಈ ತಪ್ಪನ್ನು ತಿದ್ದಿಕೊಂಡು, ಕೂರುವುದಕ್ಕೂ ಸಮಯ ಗೊತ್ತುಮಾಡಿದೆ.

ಎರಡು ವರ್ಷ ಹೀಗೇ ನಡೆಯಿತು. ತಮ್ಮ ಕೇಂದ್ರದ ವೀಕ್ಷಕಿ ಇಗರಾಶಿಯವರು ರೈಲು ನಿಲ್ದಾಣದ ಗೇಟಿನ ಹತ್ತಿರ ಮಗಳನ್ನು ನನಗೆ ಒಪ್ಪಿಸಿ, ಭೇಟಿ ಮುಗಿಯುವವರೆಗೆ ಜತೆಗೇ ಇರುವರು. ನಾನು ಕಚೇರಿಗೆ ಬಂದ ಅತಿಥಿಗೆ ಬಾಗುವಂತೆ ಬಾಗುವೆ. ಮಗಳೂ ಬಾಗುವಳು. ಈ ಬಾಗಾಟದಲ್ಲಿ ಅವಳ ಬಾಯಲ್ಲಿ ನಾನು ಯಾವಾಗ 'ನೀನು' ಹೋಗಿ 'ನೀವು' ಆದೆನೋ ತಿಳಿಯಲಿಲ್ಲ. "ಇವತ್ತು ನಿಮ್ಮಿಂದ ತುಂಬಾ ಖುಷಿಯಾಯ್ತು" ಎಂದು ಹೇಳಿಹೋಗುವಳು. ನಮ್ಮ ಬಸ್ಸಿನ ಪ್ರಯಾಣಿಕರು ಕೂಡ ಇಳಿಯುವಾಗ ಅಷ್ಟು ದೂರದ ಮಾತಾಡುವುದಿಲ್ಲ.

ಇನ್ನು ಆ ಭಾನುವಾರದ ಮಾತಿಗೆ ಬರುತ್ತೇನೆ. ಮನೆಗೆ ಕರೆದೊಯ್ಯಲು ಅವಳ ಅಮ್ಮನ ಒಪ್ಪಿಗೆಯಿತ್ತು, ತಮ್ಮ ಅನುಮತಿಯೂ ಇತ್ತು. ಮನೆಯಲ್ಲಿ ಊಟ ಮುಗಿಸಿ ವಿಜ್ಞಾನ ಸಂಗ್ರಹಾಲಯಕ್ಕೆ ಹೊರಡುವುದು ನನ್ನ ಯೋಜನೆ. ಉಡೋನ್ ಶಾವಿಗೆಗೆ ಮೊಟ್ಟೆ ಒಡೆದು ಹಾಕುವಷ್ಟರಲ್ಲಿ ಹಿಮ ಸುರಿದು ಬಸ್ಸುಗಳೆಲ್ಲ ನಿಂತವು. ನನ್ನದೇ ಬಸ್ಸುಗಳು, ನಾನೇ ಬರೆದ ವೇಳೆ! ಹೊರಗೆ ಬಟ್ಟೆ ಒಣಗದ ಕಾಲವಾದ್ದರಿಂದ ಕೋಣೆಯ ತುಂಬ ಹಗ್ಗ ಕಟ್ಟಿ ನನ್ನ ಒಳಉಡುಪುಗಳನ್ನು ತೋರಣದ ಹಾಗೆ ನೇತುಹಾಕಿದ್ದೆ. ಇಗರಾಶಿಯವರು ಮರ್ಯಾದೆಯಿಂದ ಗೋಡೆ ನೋಡುತ್ತಾ ನಿಂತರು. ಚಿತೊಸೆ ಮಾತ್ರ ನಗುತ್ತಾ ಒಣಗಿದ ಕಾಲುಚೀಲಗಳನ್ನು ಎಳೆದು ಜೋಡಿ ಮಾಡತೊಡಗಿದಳು. ಒಂದಕ್ಕೂ ಜೋಡಿ ಸಿಗಲಿಲ್ಲ.

ಆಮೇಲೆ ಮೂವರೂ ಕೊತಾತ್ಸುವಿನೊಳಗೆ ಕಾಲು ತೂರಿಸಿ ಕುಳಿತೆವು. ಒಳಗೆ ಬೆಚ್ಚಗೆ ಕಾಯುವ, ಸುತ್ತ ರಜಾಯಿ ಇಳಿಬಿಟ್ಟ ಆ ಗಿಡ್ಡ ಮೇಜಿನ ಮಹಿಮೆ ಹಿಮದ ಊರಿನವರಾದ ತಮಗೆ ನಾನು ಹೇಳಬೇಕೆ? ಕಿತ್ತಳೆ ಸುಲಿದು ತಿಂದೆವು. ಚಿತೊಸೆ ತನ್ನ ತಣ್ಣನೆಯ ಪಾದಗಳನ್ನು ನನ್ನ ಮೊಣಕಾಲ ಕೆಳಗೆ ಒತ್ತಿ, "ನಿನ್ನ ಕಾಲು ಬಿಸಿ ಇದೆ ಅಪ್ಪಾ" ಎಂದಳು. ಎರಡು ವರ್ಷದ ಮೇಲೆ ಬಂದ 'ನಿನ್ನ' ಅದು. ನಾನು ಇನ್ನೊಂದು ಕಿತ್ತಳೆ ಸುಲಿಯುವಷ್ಟರಲ್ಲಿ ನಿದ್ದೆಹೋಗಿದ್ದಳು. ಸ್ವಲ್ಪ ಹೊತ್ತಿಗೆ ಇಗರಾಶಿಯವರ ಗೊರಕೆಯೂ ಕೇಳಿತು.

ನನಗೆ ಕಾಲು ಜೋಮು ಹಿಡಿಯಿತು, ಬಚ್ಚಲಿಗೆ ಹೋಗುವ ಅವಸರವೂ ಹತ್ತಿತು. ಅಲುಗಾಡಲಿಲ್ಲ. ಮಗಳ ಮುಖ ನೋಡುತ್ತಾ ಕುಳಿತೆ. ಹುಬ್ಬಿನ ಬಳಿ ನನಗೆ ಗೊತ್ತಿಲ್ಲದ ಒಂದು ಸಣ್ಣ ಗಾಯದ ಗುರುತಿತ್ತು. ಬೆರಳುಗಳಲ್ಲಿ ಕಿತ್ತಳೆ ಸಿಪ್ಪೆ ಹಾಗೇ ಇತ್ತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು, ಥೇಟ್ ನನ್ನ ಹಾಗೆ. ಅಷ್ಟು ಡಾಲ್ಫಿನ್‌ಗಳನ್ನು ತೋರಿಸಿದ ನನಗೆ ಇದೊಂದೂ ಕಂಡಿರಲಿಲ್ಲ. ಅಳು ಬಂತು, ಅತ್ತೆ. ಆ ಕೋಣೆಯಲ್ಲಿ ಎಚ್ಚರವಿದ್ದವನು ನಾನೊಬ್ಬನೇ, ಒಡನಾಟ ನಡೆಸಲಿಲ್ಲ ಎಂಬ ಆಪಾದನೆಯೂ ನನ್ನೊಬ್ಬನ ಮೇಲೇ!

ಎದ್ದವಳು ಕಣ್ಣುಜ್ಜಿಕೊಂಡು, "ಮುಂದಿನ ಸಲಾನೂ ಇಲ್ಲೇ ಇರೋಣ ಅಪ್ಪಾ. ಏನೂ ಮಾಡೋದು ಬೇಡ" ಎಂದಳು. ಮುಂದಿನ ಭೇಟಿಯ ಬಗ್ಗೆ ಮಗುವಿಗೆ ಮಾತು ಕೊಡಬಾರದು ಎಂಬ ತಮ್ಮ ನಿಯಮ ನನಗೆ ಬಾಯಿಪಾಠ. 'ನೋಡೋಣ' ಎನ್ನಬೇಕಿತ್ತು. 'ಆಯ್ತು' ಎಂದುಬಿಟ್ಟೆ.

ಇಗರಾಶಿಯವರು ಸತ್ಯವಂತರು. ಮಗು ಮಲಗಿದ್ದನ್ನೂ ವೀಕ್ಷಕಿಯೇ ಮಲಗಿದ್ದನ್ನೂ ಮುಚ್ಚಿಡದೆ ತಮಗೆ ವರದಿ ಕೊಟ್ಟರು. ಅದನ್ನೋದಿದ ತಾವು, ತಂದೆಯ ಮನೆಯ ವಾತಾವರಣವೇ ನಿದ್ದೆ ಬರಿಸುವಂಥದ್ದು ಎಂದು ತೀರ್ಮಾನಿಸಿದಿರಿ. ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾವ ಮನೆಯ ಬಗ್ಗೆ ಯಾರು ತಾನೇ ಹೇಳಿಯಾರು? ನಾನು ಕೇಳಿಕೊಳ್ಳಲು ಬಂದಾಗ ತಾವು ಟೀ ಕೊಟ್ಟು ಮೃದುವಾಗಿ ಹೇಳಿದಿರಿ: "ನಿದ್ದೆ ಅಮ್ಮನ ಮನೇಲೂ ಮಾಡ್ಬಹುದಲ್ವಾ? ಅದಕ್ಕೆ ನೀವು ಯಾಕೆ ಬೇಕು?" ನಾನು ಎದ್ದು ನಿಂತು, ಆಳವಾಗಿ ಬಾಗಿ, ಮಾರ್ಗದರ್ಶನಕ್ಕಾಗಿ ತಮಗೆ ವಂದನೆ ಹೇಳಿ ಬಂದೆ. ಹೇಳಬೇಕಾದ ಮಾತು ಮೆಟ್ಟಿಲಿಳಿಯುವಾಗ ಹೊಳೆಯಿತು. ಮತ್ತೆ ಹತ್ತಿ ಬಂದು ಹೇಳುವ ಗಂಡಸುತನ ಇಲ್ಲದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ಹೇಳಬೇಕಿದ್ದದ್ದು ಇಷ್ಟೇ. ಮಗು ಯಾರ ಮುಂದೆ ನಿರ್ಭಯವಾಗಿ ಕಣ್ಣು ಮುಚ್ಚುತ್ತದೋ ಅವರು ಅದರ ಮನೆಯವರು. ಅತಿಥಿಯ ಮುಂದೆ ಯಾರೂ ಮಲಗುವುದಿಲ್ಲ.

ಮಾರ್ಚ್ ತಿಂಗಳ ಭೇಟಿ ತಮ್ಮ ಆಟದ ಕೋಣೆಯಲ್ಲಾಯಿತು. ಬಣ್ಣದ ಕಾಗದ, ಇಸ್ಪೀಟು, ಮರದ ರೈಲು ಎಲ್ಲ ಅಚ್ಚುಕಟ್ಟಾಗಿದ್ದವು. ಚಿತೊಸೆ ಸುತ್ತ ನೋಡಿ, ಇಲ್ಲಿ ಮಲಗಬಹುದೇ ಎಂದು ಕೇಳಿದಳು. ನಾನು ಕನ್ನಡಿಯ ಕಡೆ ನೋಡಿ, ಇದು ಆಟಕ್ಕೆ ಮಾತ್ರವಂತೆ ಎಂದೆ. ಅವಳು ಕಾಗದ ಮಡಚುತ್ತಾ, ತಲೆಯೆತ್ತದೆ, "ನೀವು ಆಯ್ತು ಅಂದಿದ್ರಿ" ಎಂದಳು.

ಅದಾದ ಮೇಲೆ ನಾವು ತುಂಬ ಅರ್ಥಪೂರ್ಣವಾಗಿ ಕಾಗದದ ಕೊಕ್ಕರೆಗಳನ್ನು ಮಡಚಿದೆವು. ವರದಿ ಚೆನ್ನಾಗಿಯೇ ಬಂದಿರಬೇಕು.

ನನ್ನ ಬೇಡಿಕೆ ಒಂದೇ. ತಿಂಗಳ ಆ ಭಾನುವಾರವನ್ನು ನನ್ನ ಮನೆಗೆ ಹಿಂತಿರುಗಿಸಿ. ಅಲ್ಲಿ ನಾವು ಏನೂ ಮಾಡುವುದಿಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಚೆರ್ರಿ ಹೂ ಅರಳಿದೆ, ಊರಿನವರೆಲ್ಲ ಕೊತಾತ್ಸುವಿನ ರಜಾಯಿ ಒಗೆದು ಮಡಚಿಟ್ಟಿದ್ದಾರೆ. ನಾನು ತೆಗೆದಿಲ್ಲ. ಅವಳು ಬಂದು ಮಲಗಿ ಏಳುವವರೆಗೆ, ಸೆಕೆಯಾದರೂ ತೆಗೆಯುವುದಿಲ್ಲ. ತಮಗೆ ನಂಬಿಕೆಯಿಲ್ಲದಿದ್ದರೆ ವೀಕ್ಷಣೆಗೆ ಖುದ್ದಾಗಿ ಬನ್ನಿ. ಮೇಜಿಗೆ ನಾಲ್ಕು ಬದಿ. ಮಗಳು, ನಾನು, ಇಗರಾಶಿಯವರು ಕೂತ ಮೇಲೂ ಒಂದು ಬದಿ ಖಾಲಿ ಉಳಿಯುತ್ತದೆ. ಕಿತ್ತಳೆ ಇಟ್ಟಿರುತ್ತೇನೆ. ತಮಗೂ ನಿದ್ದೆ ಬಂದರೆ ನಾನು ಯಾರಿಗೂ ಹೇಳುವುದಿಲ್ಲ.

ಇಂತಿ,
ಏಪ್ರಿಲ್ ಬಂದರೂ ರಜಾಯಿ ಹೊದ್ದು ಕುಳಿತಿರುವ,
'ಆಯ್ತು' ಎಂದು ಮಾತು ಕೊಟ್ಟ ತಪ್ಪಿತಸ್ಥ,
ಚಿತೊಸೆಯ ಅಪ್ಪ
ಹೊನ್ಮಾ ಇಸಾವೊ