ಬೊಗಳದ ತಳಿ

ಮಾರ್ಚ್ ೧೪, ಬುಧವಾರ

ಪ್ರೀತಿಯ ತಂಗೀ,

ನಿನ್ನ ಎರಡು ಕಾಗದಗಳೂ ಕೈಸೇರಿ ಮೂರು ವಾರವಾಯಿತು. ಕುರಿಗಳು ಬಿಡುವು ಕೊಡಲಿಲ್ಲ ಅಂತ ಸುಳ್ಳು ಹೇಳಬಹುದು. ಅವೇನೂ ಎದುರು ವಾದಿಸುವುದಿಲ್ಲ. ನಿಜವೆಂದರೆ, ಪೆನ್ನು ಹಿಡಿದರೆ ಪ್ರಾಸ ಬರುತ್ತದೆ, ಉತ್ತರ ಬರುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ, ಅಂದರೆ ಉಳಿದವರು. ಚಿಕ್ಕಪ್ಪನ ಕೆಮ್ಮೂ ಹಾಗೇ ಇದೆ, ಹಮ್ಮೂ ಹಾಗೇ ಇದೆ.

ನೀನು ಎರಡರಲ್ಲೂ ಬರೆದದ್ದು ಒಂದೇ ಮಾತು: "ಅಪ್ಪ ಗುಡ್ಡದ ಕೊರಕಲಿಗೆ ಬಿದ್ದು ಗಂಟೆಗಟ್ಟಲೆ ನರಳುತ್ತಿದ್ದರೂ ಮನೆಗೆ ಓಡಿಬರುವ ಬುದ್ಧಿ ಇಲ್ಲದ ನಾಯಿ ನಮಗೆ ಬೇಡ. ಸೂಜಿ ಹಾಕಿಸಿ ಮುಗಿಸಿಬಿಡು." ಚಿಕ್ಕಪ್ಪನದೂ ಅದೇ ರಾಗ. "ಪಕ್ಕದಲ್ಲಿ ಮಲಗಿತ್ತಂತೆ, ದೊಡ್ಡ ಸಾಧನೆ! ಇಷ್ಟು ವರ್ಷ ಅದಕ್ಕೆ ಹಾಕಿದ್ದೆಲ್ಲ ದಂಡ ಕಣೋ" ಅಂತಾರೆ. ಪಶುವೈದ್ಯರು ತಿಂಗಳ ಕೊನೆಯ ಶನಿವಾರ ಬರುತ್ತಾರೆ. ಎರಡು ಸಲ ನಾನೇ ಏನೋ ನೆವ ಹೇಳಿ ಮುಂದಕ್ಕೆ ಹಾಕಿದೆ. ನಾಯಿ ನಿನ್ನ ಪಾಲಿನದು ಅಂತ ಅಪ್ಪ ಹೇಳಿದ್ದರಿಂದ ನಿನ್ನ ಮಾತೇ ಕೊನೆ. ಆ ಕೊನೆಗೆ ಮೊದಲು ಸ್ವಲ್ಪ ಕೇಳು.

ಮುತ್ತಜ್ಜನ ಕಾಲದಲ್ಲಿ ಈ ತಳಿಯೂ ಎಲ್ಲ ನಾಯಿಗಳ ಹಾಗೆ ಬೊಗಳುತ್ತಿತ್ತಂತೆ. ಆ ಸದ್ದಿಗೆ ಗಬ್ಬದ ಕುರಿಗಳು ಬೆದರಿ ಓಡಿ ಕಂದು ಹಾಕುತ್ತಿದ್ದವು. ಅದಕ್ಕೇ ಅವರು ಪ್ರತಿ ಸೂಲಿನಲ್ಲೂ ಸದ್ದಿಲ್ಲದೆ ದಿಟ್ಟಿಸುವ ಮರಿಗಳನ್ನಷ್ಟೇ ಉಳಿಸಿಕೊಂಡರು. ಗದ್ದಲದ ಮರಿಗಳನ್ನು ಏನು ಮಾಡಿದರೆಂದು ಅಪ್ಪ ಹೇಳಲಿಲ್ಲ, ನಾವು ಕೇಳಲಿಲ್ಲ. ನಾಲ್ಕು ತಲೆಮಾರಿನಲ್ಲಿ ಗಂಟಲು ಹೋಗಿ ಕಣ್ಣು ಉಳಿಯಿತು.

ಇದಕ್ಕೆ 'ಮೇಷ್ಟ್ರು' ಅಂತ ಅಪ್ಪ ಹೆಸರಿಟ್ಟದ್ದು ಸುಮ್ಮನಲ್ಲ. ಸಾಲು ತಪ್ಪಿದವರನ್ನು ಅದು ಸಹಿಸುವುದಿಲ್ಲ. ನಿನ್ನ ಮದುವೆಯ ದಿನ ನೆಂಟರನ್ನೆಲ್ಲ ಅಂಗಳದ ಮೂಲೆಗೆ ಒಟ್ಟುಮಾಡಿ ನಿನ್ನ ಗಂಡನನ್ನು ಮಾತ್ರ ಹೊರಗೆ ಬಿಟ್ಟಿತ್ತಲ್ಲ! "ನಾನು ಕುರಿಯಲ್ಲ ಅಂತ ಅದಕ್ಕೂ ಗೊತ್ತಾಗಿದೆ" ಅಂತ ಅವರು ಬೀಗಿದರೆ, "ತೋಳ ಅಂದ್ಕೊಂಡಿರಬೇಕು" ಅಂದಿದ್ದರು ಅಪ್ಪ.

ಈ ತಳಿಗೆ ಯಾವ ಮಾತನ್ನೂ ಎರಡು ಸಲ ಹೇಳಬೇಕಿಲ್ಲ. ಮಂದೆ ಬಿಟ್ಟು ಒಂಟಿಯಾಗಿ ಮನೆಗೆ ಬಂದ ನಾಯಿಗೆ ನೀರೂ ಇಡಬಾರದು, ತಲೆಯೂ ಸವರಬಾರದು. "ಹಿಂದಕ್ಕೆ" ಅನ್ನಬೇಕು, ಅಷ್ಟೇ. ಒಮ್ಮೆ ನಾವು ಕರಗಿದರೆ ನಾಯಿ ಕೆಟ್ಟಿತು. ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದು ಇದನ್ನೇ.

ಆರೈಕೆ ಕಷ್ಟವಲ್ಲ. ಕೂದಲು ಎರಡು ಪದರ; ಸೆಕೆಯೆಂದು ಬೋಳಿಸಬೇಡ, ಬಿಸಿಲಿಗೆ ಅದೇ ಕೊಡೆ. ಬೆರಳ ಸಂದಿನಲ್ಲಿ ಮುಳ್ಳಿದೆಯೇ ಅಂತ ದಿನಾ ನೋಡು. ಹಿಂಗಾಲು ಈಗೀಗ ಹಿಡಿಯುತ್ತದೆ, ಬೆಳಿಗ್ಗೆ ಸ್ವಲ್ಪ ತಿಕ್ಕಬೇಕು. ಏನಾದರೂ ಕೆಲಸ ಕೊಡು. ಇಲ್ಲದಿದ್ದರೆ ನಿನ್ನ ಮಕ್ಕಳ ಹಿಮ್ಮಡಿ ಕಚ್ಚುತ್ತಾ ಸ್ಕೂಲಿಗೆ ಅಟ್ಟುತ್ತದೆ, ಅದೂ ಲಾಭವೇ.

ಹೌದು, ಕರೆದುಕೊಂಡು ಹೋಗು ಅಂತಲೇ ಕೇಳುತ್ತಿದ್ದೇನೆ. ಅಪ್ಪ ಹೋದಾಗಿನಿಂದ ಅದು ಸರಿಯಾಗಿ ತಿನ್ನುತ್ತಿಲ್ಲ. ದೊಡ್ಡಿಯ ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತದೆ. ನಾನು ಹಿಂಬಾಗಿಲಿನಿಂದ ಓಡಾಡುತ್ತೇನೆ.

ಮಕ್ಕಳಿಗೆ ಮುತ್ತು. ನಿನಗೆ ಅಣ್ಣನ ಆಶೀರ್ವಾದ. ಅದು ಈಗ ಎಷ್ಟು ಬೆಲೆ ಬಾಳುತ್ತದೋ ಅಷ್ಟು.

ಇತಿ,
ನಿನ್ನ ಅಣ್ಣ

ತಾ.ಕ.: ಅದು ಬಂದಿತ್ತು, ತಂಗೀ. ಅವತ್ತು ಅಪ್ಪ ಅರ್ಧ ಮಂದೆ ಹೊಡೆದುಕೊಂಡು ಅದರ ಜೊತೆ ಗುಡ್ಡಕ್ಕೆ ಹೋಗಿದ್ದರು. ಹನ್ನೊಂದು ಗಂಟೆಗೆ ನಾವು ದೊಡ್ಡಿಯಲ್ಲಿ ಉಳಿದವುಗಳ ಉಣ್ಣೆ ಕತ್ತರಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿತು. "ಹಿಂದಕ್ಕೆ" ಅಂದೆ. ಹೋಯಿತು. ಒಂದು ಗಂಟೆಗೆ ಮತ್ತೆ ಬಂತು, ಎದೆಯೆಲ್ಲ ಕೆಸರು. ಉಣ್ಣೆ ಕತ್ತರಿಸುವವನು ಕೈ ನಿಲ್ಲಿಸಿ, "ಅಣ್ಣಾ, ಏನೋ ಹೇಳೋಕೆ ಬಂದ ಹಾಗಿದೆ" ಅಂದ. "ಮೇಷ್ಟ್ರು ರಜಾ ಕೇಳೋಕೆ ಬಂದಿದ್ದಾರೆ, ಸಜಾ ಕೊಟ್ಟು ಕಳಿಸೋಣ" ಅಂದೆ. ಎಲ್ಲರೂ ನಕ್ಕರು. ನನಗೂ ಪ್ರಾಸ ಹಿಡಿಸಿತು. ಮತ್ತೆ "ಹಿಂದಕ್ಕೆ" ಅಂದೆ. ಮೂರನೆಯ ಸಲ ಬರಲಿಲ್ಲ.

ಮೂರು ಗಂಟೆಯವರೆಗೂ ಜೀವ ಇದ್ದಿರಬೇಕು ಅಂದರು ಡಾಕ್ಟರು. ಸಂಜೆ ನಾವು ಹೋದಾಗ, ನಾಯಿ ಒತ್ತಿಕೊಂಡು ಮಲಗಿದ್ದ ಬದಿಯಲ್ಲಿ ಮಾತ್ರ ಅಪ್ಪನ ಮೈ ಬೆಚ್ಚಗಿತ್ತು.

ಚಿಕ್ಕಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. ನೀನು ಹೇಳು. ಶನಿವಾರಕ್ಕೆ ಮೊದಲೇ ಹೇಳು.