ಮೊದಲನೇ ಹಲಗೆ

ಗುರುವಾರ, ರಾತ್ರಿ ಹನ್ನೊಂದೂವರೆ

...ಅಷ್ಟು ಸಾಲ್ದು ಅಂತ ಊಟದ ಹೊತ್ತಲ್ಲಿ ಕಾರ್ಖಾನೇಲಿ ಎಲ್ಲರ ಮುಂದೆ ಯಜಮಾನ ನಾನು ರಿಪೇರಿ ಮಾಡಿದ ಗಿಟಾರ್ ಎತ್ತಿ ಹಿಡಿದು, "ಇದರ ಕತ್ತು ಮಾಡಿದ ಮಹಾನುಭಾವ ಯಾರು?" ಅಂತ ಕೇಳ್ತಾನೆ ಅಕ್ಕಾ! ಗೊತ್ತಿದ್ದೂ ಕೇಳ್ತಾನೆ! ಬೆಳಗ್ಗೆ ಬಸ್ಸು ತಪ್ಪಿತ್ತು. ಓಡ್ಕೊಂಡು ಬಂದ್ರೆ ಮರ ಕೀಸೋ ನನ್ನ ಹತ್ತರಿ ಯಾರೋ ಪುಣ್ಯಾತ್ಮ ತಗೊಂಡು ಅಲಗು ಮೊಂಡು ಮಾಡಿಟ್ಟಿದ್ದ. ಅದರ ಮೇಲೆ ಇದು.

ತಡಿ, ಚೆನ್ನಾಗಿದ್ದೀಯಾ? ಹದಿನೈದು ದಿನ ಆಯ್ತು ನಿನ್ನ ಹತ್ರ ಸರಿಯಾಗಿ ಮಾತಾಡಿ, ಆ ತಪ್ಪು ನಂದೇ. ಪಕ್ಕದ ಮಂಚದವನು ಮಲಗಿದ್ದಾನೆ, ಫೋನಲ್ಲಿ ಮೆಸೇಜ್ ಬರೆದೇ ಬೈಬೇಕು. ಬಾಯಿ ತುಂಬ ಬೈಯೋಕೂ ಬಾಡಿಗೆ ಮನೇಲಿ ಯೋಗ ಇಲ್ಲ.

ನೀನೊಂದ್ಸಲ ಕೇಳಿದ್ದೆ ನೋಡು, ಕರೆಂಟ್ ಗಿಟಾರಿಗೆ ಮರ ಯಾವುದಾದ್ರೇನು, ದನಿ ವೈರಿಂದ ತಾನೇ ಬರೋದು ಅಂತ. ಇಲ್ಲಿ ಪೇಂಟ್ ಹೊಡೆಯೋನೂ ಅದೇ ರಾಗ ಹಾಡ್ತಾನೆ. ಮಣ್ಣು! ತಂತಿಯ ಒಂದು ತುದಿ ಒಡಲಲ್ಲಿ, ಇನ್ನೊಂದು ತುದಿ ಕತ್ತಲ್ಲಿ, ಅಂದ್ರೆ ಎಡಗೈಲಿ ಹಿಡಿಯೋ ಆ ಉದ್ದ ಮರದಲ್ಲಿ. ತಂತಿ ನಡುಗಿದ್ರೆ ಕತ್ತೂ ನಡುಗುತ್ತೆ. ಗಟ್ಟಿ ಮರ ಆ ನಡುಕಾನ ಹಾಗೇ ವಾಪಸ್ ಕೊಡುತ್ತೆ. ಮೆತ್ತನೇದು ಮೇಲಿನ ಚೂಪನ್ನೆಲ್ಲ ನುಂಗಿ, ದುಂಡಗಿರೋದನ್ನ ಮಾತ್ರ ಬಿಡುತ್ತೆ. ಮೇಪಲ್ ಅಂದ್ರೆ ಸ್ಟೀಲ್ ತಟ್ಟೆಗೆ ಚಮಚ ಬಿದ್ದ ಹಾಗೆ. ಮಹಾಗನಿ ಅಂದ್ರೆ ಪಕ್ಕದ ರೂಮಲ್ಲಿ ದೊಡ್ಡಪ್ಪ ಗಂಟಲು ಸರಿ ಮಾಡ್ಕೊಂಡ ಹಾಗೆ. ಒಂದೇ ಜಾತಿ ಮರದಲ್ಲೂ ಹಲಗೆಯಿಂದ ಹಲಗೆಗೆ ದನಿ ಬೇರೆ. ಒಂದೇ ತಾಯಿ ಮಕ್ಕಳು ನಾವಿಬ್ಬರು ಇಲ್ವಾ, ಹಾಗೆ.

ಹೋದ ತಿಂಗಳು ಒಬ್ಬ ಮುದುಕ ಬಂದಿದ್ದ. ಹೋಟೆಲಲ್ಲಿ ಮೂವತ್ತು ವರ್ಷದಿಂದ ನುಡಿಸ್ತಾನಂತೆ. ಗಿಟಾರ್ ಮೆಟ್ಟಿಲಿಂದ ಉರುಳಿ ಕತ್ತು ಸೀಳಿಹೋಗಿತ್ತು. "ಹೊಸ ಕತ್ತು ಹಾಕಿ, ಆದ್ರೆ ದನಿ ಅದೇ ಇರಬೇಕು. ನನ್ನ ಹೆಂಡತಿ ಆ ದನಿ ಕೇಳಿ ನನ್ನ ಹಿಂದೆ ಬಂದವಳು, ಈ ಮುಖ ನೋಡಿ ಅಲ್ಲ" ಅಂದ. ಯಜಮಾನ ಎರಡು ಮಹಾಗನಿ ಹಲಗೆ ನನ್ನ ಮುಂದಿಟ್ಟು, "ಈ ಸಲ ನೀನೇ ಆರಿಸು, ನೀನೇ ಮಾಡು" ಅಂದ. ಒಂದೂವರೆ ವರ್ಷ ಬರೀ ಸ್ಯಾಂಡ್ ಪೇಪರ್ ಉಜ್ಜಿದ ಮೇಲೆ ಸಿಕ್ಕಿದ ಮೊದಲನೇ ಕತ್ತು ಅಕ್ಕಾ ಅದು!

ಗೆಣ್ಣಲ್ಲಿ ತಟ್ಟಿ ನೋಡಿದೆ. ಮೊದಲನೇದು ಟಣ್ ಅಂತು, ಎರಡನೇದು ದುಮ್ ಅಂತು. ನನ್ನ ಕಿವಿ ಎರಡನೇದು ಅಂತಿತ್ತು. ಆದ್ರೆ ಹೆದರಿಕೆ, ದನೀನೆಲ್ಲ ನುಂಗಿ ಕೂತ್ರೆ? ಅದಕ್ಕೇ ಅಪ್ಪಂಗೆ ಫೋನ್ ಮಾಡಿದ್ದು. ನಲವತ್ತು ವರ್ಷ ಬಾಗಿಲು ಮಾಡಿದ ಮನುಷ್ಯ, ಮರ ತಟ್ಟಿ ಒಳಗಿನ ಬಿರುಕು ಹೇಳೋನು. ಫೋನ್ ಹತ್ರ ಹಿಡಿದು ಮುರಿದ ಕತ್ತಿನ ತುಂಡು ತಟ್ಟಿದೆ, ಮೊದಲನೇದು ತಟ್ಟಿದೆ, ಎರಡನೇದು ತಟ್ಟಿದೆ. "ಹಳೇದರ ಹತ್ತಿರ ಯಾವುದಪ್ಪಾ?" ಅಂದೆ. "ತಡಿಯೋ" ಅಂದು, ಆಮೇಲೆ "ಮೊದಲನೇದು ಕಣೋ" ಅಂದ್ರು. ಮುಗೀತು, ನನ್ನ ಕಿವಿ ಕಟ್ಟಿಟ್ಟು ಮೊದಲನೇದನ್ನೇ ಕೆತ್ತಿದೆ.

ಇವತ್ತು ಮುದುಕ ಬಂದು ಎರಡು ಸಲ ಮೀಟಿ, ಮೆತ್ತಗೆ ಕೆಳಗಿಟ್ಟ. ಬೈದಿದ್ರೆ ಎಷ್ಟೋ ವಾಸಿ ಇತ್ತು. "ಚೆನ್ನಾಗಿದೆ ಮಗಾ, ಆದ್ರೆ ಇದು ಯಾರೋ ಅವಸರದವನ ದನಿ. ನಂದಲ್ಲ" ಅಂದ.

ಯಜಮಾನ ಕೇಳಿದ, "ಇದನ್ನೇ ಯಾಕೆ ಆರಿಸಿದೆ?"

"ನಮ್ಮಪ್ಪ ಹೇಳಿದ್ರು."

ಎಲ್ಲ ಬಿದ್ದು ಬಿದ್ದು ನಕ್ಕರು. ಪೇಂಟಿನವನಂತೂ, "ನಿಮ್ಮಪ್ಪ ಫೋನಲ್ಲೇ ಮರ ನೋಡ್ತಾರಾ? ಕರೆಸಪ್ಪಾ, ನಿನ್ನ ಜಾಗಕ್ಕೆ ಅವರೇ ಇರಲಿ" ಅಂದ. ನನಗೆ ತಡೀಲಿಲ್ಲ. "ನಮ್ಮಪ್ಪನ ಕಿವಿ ಮುಂದೆ ನಿಮ್ಮ ಮಷೀನೆಲ್ಲ ಕಸ" ಅಂತ ಕಿರುಚಿಬಿಟ್ಟೆ. ಯಜಮಾನ ನಗಲಿಲ್ಲ. "ಶನಿವಾರ ಇನ್ನೊಂದು ಮಾಡು. ಅದೂ ಕೆಟ್ರೆ ಮತ್ತೆ ಸ್ಯಾಂಡ್ ಪೇಪರ್ ಮೇಜು, ಕತ್ತಿನ ಆಸೆ ಬಿಟ್ಟುಬಿಡು" ಅಂದ.

ನನ್ನ ಕೋಪ ಅವನ ಮೇಲಲ್ಲ ಅಕ್ಕಾ. ಅಪ್ಪನ ಮೇಲೂ ಅಲ್ಲ.

ಪುಟ್ಟಿಗೆ ಒಂದು ಮುತ್ತು, ಚೆನ್ನಾಗಿ ಓದ್ಲಿ, ನೂರು ವರ್ಷ ಬಾಳ್ಲಿ. ಭಾವಂಗೆ ಕೇಳಿದೆ ಅಂತ ಹೇಳು. ಸಾಕು.

ನಿನ್ನ ತಮ್ಮ

ಇನ್ನೊಂದು. ಮುಗಿಸಿದ್ದೆ, ನಿದ್ದೆ ಬರಲಿಲ್ಲ.

ಸಂಜೆ ಮನೆಗೆ ಫೋನ್ ಮಾಡಿ ಅಪ್ಪನ ಮೇಲೆ ಎಗರಾಡಿದೆ. ಅಮ್ಮ ಫೋನ್ ಕಿತ್ಕೊಂಡು ಅಳೋಕೆ ಶುರು ಮಾಡಿದ್ಲು. "ಅವರಿಗೇನೂ ಕೇಳಿಸಲ್ವೋ, ಯಾಕೆ ಬೈತೀಯಾ? ಗರಗಸದ ಮಷೀನು ಎರಡು ಕಿವೀನೂ ತಿಂದ್ಹಾಕಿದೆ. ನೀನು ಫೋನ್ ಮಾಡಿದಾಗೆಲ್ಲ ಅಕ್ಕ ಸ್ಪೀಕರ್ ಹಾಕಿ ಎದುರಿಗೆ ಕೂತು ಏನು ಹೇಳಬೇಕು ಅಂತ ಕೈಸನ್ನೆ ಮಾಡ್ತಾಳೆ" ಅಂದ್ಲು.

ಅಂದ್ರೆ ಅವತ್ತು ಒಂದು ಬೆರಳು ಎತ್ತಿದ್ದು ನೀನು. ಹಲಗೆ ಆರಿಸಿದ್ದು ನೀನು! ಎರಡರಲ್ಲಿ ಒಂದು, ಹೇಗೂ ನಡೆಯುತ್ತೆ ಅಂದ್ಕೊಂಡ್ಯಾ? ನಮ್ಮಪ್ಪನ ಕಿವಿ ಅಂತ ನಾನಿಲ್ಲಿ ಕಿರುಚಿದ್ನಲ್ಲ ಅಕ್ಕಾ, ನಿನ್ನ ಬೆರಳು ನಂಬ್ಕೊಂಡು!

ಒಂದು ಹೇಳು. ನಾನು ಹೊರಟ ದಿನ ಬಸ್ಸಿನ ಕಿಟಕಿಯಿಂದ, "ಎರಡು ವರ್ಷ ಅಷ್ಟೇ ಅಪ್ಪಾ, ಬಂದ್ಬಿಡ್ತೀನಿ" ಅಂತ ಕೂಗಿದ್ದೆ. ಅಪ್ಪ ನಕ್ಕು ಕೈ ಬೀಸಿದ್ರು. ನೀನು ಪಕ್ಕದಲ್ಲೇ ನಿಂತಿದ್ದೆ. ಅವತ್ತಾದ್ರೂ ಕೇಳಿಸಿತ್ತಾ, ಇಲ್ಲ ಅವತ್ತೂ ನಿನ್ನ ಸನ್ನೇನಾ?

ಶನಿವಾರ ಎರಡನೇ ಹಲಗೇನೇ ತಗೋತೀನಿ. ಯಾರನ್ನೂ ಕೇಳಲ್ಲ. ಆದ್ರೆ ಅಪ್ಪನ ಹತ್ರ ಮಾತಾಡಬೇಕು. ವಿಡಿಯೋ ಮಾಡು. ನಾನು ಹಾಳೆ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸ್ತೀನಿ, ಅವರು ಓದಿ ಅವರೇ ಹೇಳ್ಲಿ. ನೀನೂ ಪಕ್ಕದಲ್ಲೇ ಕೂತ್ಕೋ, ಎರಡು ಕೈಯೂ ನನಗೆ ಕಾಣೋ ಹಾಗೆ ಮಡಿಲಲ್ಲಿ ಇಟ್ಕೊಂಡು. ನಾಳೆ ಸಂಜೆ, ಏಳು ಗಂಟೆಗೆ.